ಕೀಲೆಣ್ಣೆಯ ಲೆಕ್ಕ

2017ರ ಫೆಬ್ರುವರಿ 21ರಂದು ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಸಾಗುತ್ತಿದ್ದಾಗಲೇ ವಾಲಿ ನೆಲಕ್ಕೆ ಬಿತ್ತು. ಸುಮಾರು 60 ಅಡಿ ಎತ್ತರದ ತೇರು. ದಾವಣಗೆರೆಯಿಂದ ಪಾದಯಾತ್ರೆಯಲ್ಲಿ ಬಂದವರು, ಹರಪನಹಳ್ಳಿ, ಹಡಗಲಿ ಕಡೆಯಿಂದ ಟ್ರೇಲರ್ ಹತ್ತಿ ಬಂದವರು, ಉತ್ತತ್ತಿ ಬಾಳೆಹಣ್ಣು ಎಸೆಯಲು ಕೈ ಎತ್ತಿದವರು ಎಲ್ಲರೂ ನೆರೆಯುವ ಜಾತ್ರೆ ಅದು. ಹಲವರು ಗಾಯಗೊಂಡರು. ಗಾಲಿಯ ಅಚ್ಚು ಮುರಿದದ್ದು ಕಾರಣ ಎಂದು ಪತ್ರಿಕೆಗಳು ಬರೆದವು. ಇಂಥದ್ದು ನಡೆದಾಗ ಜನ ಅಪಚಾರ, ಅಪಶಕುನ ಎಂದು ಬೇರೆ ಕಾರಣಗಳನ್ನೂ ಹುಡುಕುವುದುಂಟು. ನನಗೆ ಅಚ್ಚಿನ ಕಾರಣವೊಂದೇ ಸಾಕು. ಬಿದ್ದ ತೇರಿನ ಜಾಗಕ್ಕೆ ಮುಂದೆ ಹೊಸ ತೇರೇ ಬಂತು.

ತೇರನ್ನು ಭಾರಿ ಯಂತ್ರ ಎಂದು ಕರೆದರೆ ಯಾರೂ ಬೇಸರಪಡಬೇಕಿಲ್ಲ. ಅದಕ್ಕೆ ಗಾಲಿ ಉಂಟು, ಅಚ್ಚು ಉಂಟು, ಇಡೀ ಭಾರ ಹೊರುವ ಗಡ್ಡೆ ಉಂಟು. ಗಾಲಿಗೆ ಮರದ ಸನ್ನೆ ಕೊಡುವ ಗಟ್ಟಿಗರೇ ಅದರ ಬ್ರೇಕು, ಅವರೇ ಸ್ಟಿಯರಿಂಗು. ಎಳೆಯುವ ಬಲಕ್ಕಂತೂ ಕೊರತೆಯಿಲ್ಲ. ಮಿಣಿ ಹಿಡಿದ ಸಾವಿರಾರು ಕೈಗಳು ಒಂದೇ ಉಸಿರಿಗೆ ಜಗ್ಗುತ್ತವೆ. ತೊಂದರೆ ಇರುವುದು ಅದು ದುಡಿಯುವ ರೀತಿಯಲ್ಲಿ. ಮಾಘ ಮಾಸದಲ್ಲಿ ಕೆಲವೇ ತಾಸು ಸಾಗಿ, ಉಳಿದ ವರ್ಷವೆಲ್ಲ ನಿಂತಲ್ಲೇ ನಿಂತಿರುತ್ತದೆ. ನಿಂತಾಗ ಭಾರವೆಲ್ಲ ಗಾಲಿಯ ಒಂದೇ ಭಾಗದ ಮೇಲೆ, ಅಚ್ಚಿನ ಒಂದೇ ಮಗ್ಗುಲಿನ ಮೇಲೆ ಕೂರುತ್ತದೆ. ಈ ಸೀಮೆಯ ಬೇಸಿಗೆಗೆ ಮರ ಒಣಗಿ ಕುಗ್ಗಿದಾಗ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಮಳೆಗಾಲಕ್ಕೆ ಮರ ಮತ್ತೆ ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಎಳೆ ಎಳೆಯಾಗಿ ಸೀಳು ಬಿಡುತ್ತದೆ. ಗೆದ್ದಲು ಹತ್ತಿದರೆ ಮೇಲಿನ ಬಣ್ಣ ಹಾಗೇ ಉಳಿದು ಒಳಗೆಲ್ಲ ಪೊಳ್ಳಾಗಿರುತ್ತದೆ. ಪೂರ್ತಿ ಭಾರ ಹೊರಿಸಿ ಮೊದಲೊಮ್ಮೆ ಎಳೆದು ನೋಡುವ ಪದ್ಧತಿ ಹೆಚ್ಚಿನ ಕಡೆ ಇಲ್ಲ. ಎಳೆದ ದಿನವೇ ಪರೀಕ್ಷೆ, ಅಂದೇ ಫಲಿತಾಂಶ, ಅದೂ ಜನಸಾಗರದ ನಡುವೆ.

ಪುರಿಯವರು ಈ ತಲೆನೋವನ್ನು ಬೇರೆ ದಾರಿಯಲ್ಲಿ ಕಳೆದುಕೊಂಡಿದ್ದಾರೆ. ಅಲ್ಲಿ ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರು ರಥಗಳನ್ನೂ ಪ್ರತಿವರ್ಷ ಹೊಸದಾಗಿ ಕಟ್ಟುತ್ತಾರೆ. ಅಕ್ಷಯ ತೃತೀಯದಂದು ಕೆಲಸ ಶುರು. 16, 14, 12 ಎಂದು ಒಟ್ಟು 42 ಗಾಲಿ, ಎಲ್ಲವೂ ಆ ವರ್ಷದ್ದೇ. ಹಳೆಯ ಅಚ್ಚು ಎಷ್ಟು ಸವೆದಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ತಮಿಳುನಾಡಿನ ತಿರುವಾರೂರಿನವರು ಮತ್ತೊಂದು ದಾರಿ ಹಿಡಿದರು: ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಕಾರ್ಖಾನೆಯಿಂದ ಉಕ್ಕಿನ ಅಚ್ಚು ಗಾಲಿ ಮಾಡಿಸಿ, ತಮ್ಮ ದೈತ್ಯ ತೇರಿಗೆ ಹೈಡ್ರಾಲಿಕ್ ಬ್ರೇಕ್ ಕೂಡ ಹಾಕಿಸಿಕೊಂಡರು. ನಮ್ಮ ಕಡೆಯ ಊರುಗಳು ನಡುವಿನ ದಾರಿಯವು. ಪ್ರತಿವರ್ಷ ಹೊಸ ತೇರು ಕಟ್ಟುವಷ್ಟು ಮರವೂ ಇಲ್ಲ, ದುಡ್ಡೂ ಇಲ್ಲ. ಅಜ್ಜ ಮುತ್ತಜ್ಜರ ಕಾಲದ ತೇರನ್ನು ಬಿಡಲು ಮನಸ್ಸೂ ಇಲ್ಲ. ಹಾಗಿದ್ದ ಮೇಲೆ ನೋಡಿಕೊಳ್ಳುವುದೊಂದೇ ಉಳಿಯುತ್ತದೆ. ಈಗ ಎಷ್ಟೋ ಕಡೆ ಜಾತ್ರೆಗೆ ಮೊದಲು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ತೇರು ನೋಡಿ ಕಾಗದ ಕೊಡುತ್ತಾರೆ. ಒಳ್ಳೆಯದೇ. ಆದರೆ ಜಾತ್ರೆಗೆ ವಾರವಿರುವಾಗ ಅಚ್ಚಿನಲ್ಲಿ ಸೀಳು ಕಂಡಿತು ಎಂದಿಟ್ಟುಕೊಳ್ಳಿ, ಈ ವರ್ಷ ತೇರು ಎಳೆಯಬೇಡಿ ಎಂದು ಬರೆಯುವ ಎದೆ ಯಾವ ಎಂಜಿನಿಯರಿಗಿದೆ? ಆ ಪರೀಕ್ಷೆ ಜಾತ್ರೆ ಮುಗಿದ ಮರುವಾರ ಆಗಬೇಕು. ಆಗ ಮರ ಹುಡುಕಿ ತಂದು, ಕೊಯ್ಯಿಸಿ, ಒಣಗಿಸಿ, ಕೂರಿಸಲು ಕೈಯಲ್ಲಿ ವರ್ಷವಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕು ಒಂದು ಕಾಲದಲ್ಲಿ ಬಂಡಿಯ ಸೀಮೆ. ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಬಂಡಿ ಕಟ್ಟಿಕೊಂಡು ಹೋಗುವುದು ಈಗಲೂ ಪೂರ್ತಿ ನಿಂತಿಲ್ಲ. ಹೊರಡುವ ಮುನ್ನ ಗಾಲಿ ಬಿಚ್ಚಿ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಬುತ್ತಿ ಕಟ್ಟುವಷ್ಟೇ ಖಚಿತವಾದ ಕೆಲಸವಾಗಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೇ ತೂಗುಹಾಕುತ್ತಿದ್ದರು. ದಾರಿಯಲ್ಲಿ ಗಾಲಿ ಕಿರುಗುಟ್ಟಿದರೆ ಹೊಡೆಯುವವನಿಗೂ ಕೇಳುತ್ತಿತ್ತು, ಎತ್ತಿಗೂ ತಿಳಿಯುತ್ತಿತ್ತು. ಬಂಡಿ ಯಾರದೋ ಹೊಡೆಯುವವನೂ ಅವನೇ, ಅಚ್ಚು ಮುರಿದರೆ ನಡುದಾರಿಯಲ್ಲಿ ಕೂರುವವನೂ ಅವನೇ.

ಇದರ ಬೆನ್ನಿಗೆ ಇನ್ನೊಂದು ಏರ್ಪಾಡಿತ್ತು. ಬಡಿಗನಿಗೆ, ಕಮ್ಮಾರನಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಆ ಕಾಳು ರಿಪೇರಿಗೆ ಇಷ್ಟು ಎಂಬ ಕೂಲಿಯಲ್ಲ, ವರ್ಷವಿಡೀ ಕುಂಟೆ ಕೂರಿಗೆ ನೇಗಿಲು ಬಂಡಿಗಳನ್ನು ನಡೆಯುವ ಸ್ಥಿತಿಯಲ್ಲಿ ಇಟ್ಟದ್ದಕ್ಕೆ ಕೊಡುವ ಪಾಲು. ಅಂದರೆ ಕುಂಟೆ ಕಡಿಮೆ ಮುರಿದಷ್ಟೂ ಬಡಿಗನಿಗೆ ಲಾಭ. ಇವತ್ತು ದೊಡ್ಡ ಕಂಪನಿಗಳು ವಾರ್ಷಿಕ ನಿರ್ವಹಣಾ ಒಪ್ಪಂದ ಎಂದು ಮಾರುವುದು ಇದನ್ನೇ. ಆಯದ ಕಾಲವನ್ನು ಹಾಡಿ ಹೊಗಳುವ ಇರಾದೆ ನನಗಿಲ್ಲ. ಅದು ಜಾತಿಗೆ ಕಟ್ಟಿಹಾಕಿದ ದುಡಿಮೆ. ಬರಗಾಲದ ವರ್ಷ ಕಣವೂ ಖಾಲಿ, ಕಮ್ಮಾರನ ಮೊರವೂ ಖಾಲಿ. ದರ ಕೇಳುವ ಹಕ್ಕು ಅವನಿಗಿರಲಿಲ್ಲ. ಆದರೂ ಅದರೊಳಗಿನ ಒಂದು ಲೆಕ್ಕ ಸರಿಯಿತ್ತು: ನೋಡಿಕೊಳ್ಳುವವನ ಹೊಟ್ಟೆಪಾಡು ಮುರಿಯುವುದರ ಮೇಲೆ ನಿಂತಿರಲಿಲ್ಲ.

ಈಗಿನ ಲೆಕ್ಕ ಪೂರಾ ತಿರುವುಮುರುವು. ಹರಪನಹಳ್ಳಿಯಲ್ಲೋ ಹಡಗಲಿಯಲ್ಲೋ ಒಂದು ಜೆಸಿಬಿ ಕೆಲಸಕ್ಕೆ ಬಂತೆನ್ನಿ. ಮಾಲೀಕ ಎಲ್ಲೋ ಊರಲ್ಲಿ, ಅವನಿಗೆ ತಿಂಗಳ ಕಂತಿನ ಚಿಂತೆ. ಆಪರೇಟರ್‌ಗೆ ಸಂಬಳದ ಜೊತೆ ಭತ್ಯೆ. ಹೊಲದವನಿಗೆ ತಾಸಿನ ಬಾಡಿಗೆ. ಮೆಕ್ಯಾನಿಕ್‌ಗೆ ಕೆಟ್ಟಾಗ ಮಾತ್ರ ದುಡ್ಡು. ನಾಲ್ಕೂ ಜನ ಪ್ರಾಮಾಣಿಕರೇ ಇರಬಹುದು, ಆದರೆ ಬೆಳಗಿನ ಅರ್ಧ ತಾಸು ಗ್ರೀಸ್ ಗನ್ ಹಿಡಿದು ನಿಲ್ಲುವುದು ನಾಲ್ವರಲ್ಲಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ. "ಗ್ರೀಸ್ ಹೊಡಿಯಾಕ ಹೊತ್ತು ಎಲ್ಲೈತ್ರಿ, ಹೊಲದಾರು ಕಾಯಾಕತ್ಯಾರ" ಎನ್ನುವ ಮಾತಿನಲ್ಲಿ ಸುಳ್ಳಿಲ್ಲ.

ಆ ಅರ್ಧ ತಾಸಿನ ಕೆಲಸವೇನು ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಜೆಸಿಬಿಯ ಮುಂದಿನ ಬಕೆಟ್ಟು, ಹಿಂದಿನ ಕೈ ಎಲ್ಲವೂ ಮಡಚಿ ಬಿಚ್ಚುವುದು ಉಕ್ಕಿನ ಪಿನ್ನುಗಳ ಮೇಲೆ. ಪಿನ್ನಿನ ಸುತ್ತ ಬುಷ್. ಎರಡರ ನಡುವೆ ಇರಬೇಕಾದದ್ದು ತೆಳ್ಳನೆ ಗ್ರೀಸಿನ ಪದರ. ದಿನದ ಕೆಲಸದಲ್ಲಿ ಆ ಗ್ರೀಸ್ ಹಿಂಡಿ ಹೊರಬರುತ್ತದೆ, ಜಾಗಕ್ಕೆ ಮಣ್ಣು ಸೇರುತ್ತದೆ. ನಿಪ್ಪಲ್ಲಿಗೆ ಗನ್ ಕೊಟ್ಟು ಒತ್ತಿದಾಗ ಹೊಸ ಗ್ರೀಸ್ ಒಳಹೋಗುವುದಷ್ಟೇ ಅಲ್ಲ, ಹಳೆಯದು ಮಣ್ಣನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ಅದಕ್ಕೇ ಅಂಚಿನಲ್ಲಿ ಶುದ್ಧ ಗ್ರೀಸ್ ಕಾಣುವವರೆಗೆ ಒತ್ತಬೇಕು ಎನ್ನುವುದು. ಒತ್ತದಿದ್ದರೆ ಮೊದಲು ಬುಷ್ ಸವೆಯುತ್ತದೆ, ಆಮೇಲೆ ಪಿನ್, ಕೊನೆಗೆ ಪಿನ್ ಕೂರುವ ತೂತೇ ಮೊಟ್ಟೆಯಾಕಾರಕ್ಕೆ ಬರುತ್ತದೆ. ಬುಷ್ ಬದಲಿಸುವುದು ಗ್ಯಾರೇಜಿನ ಕೆಲಸ. ತೂತನ್ನು ಮತ್ತೆ ದುಂಡಗೆ ಮಾಡಲು ವೆಲ್ಡಿಂಗ್ ತುಂಬಿ ಬೋರಿಂಗ್ ಹೊಡೆಸಬೇಕು. ಅಷ್ಟು ದಿನ ಗಾಡಿ ನಿಂತಲ್ಲೇ, ಕಂತು ಮಾತ್ರ ನಿಲ್ಲದು.

ಇನ್ನು ಕೆಂಪು ಧೂಳು. ಚೆಕ್ ಡ್ಯಾಮು, ಕೃಷಿಹೊಂಡ, ಹೊಲ ಮಟ್ಟ ಮಾಡುವುದು, ಎಲ್ಲವೂ ಬೇಸಿಗೆಯ ಕೆಲಸ. ಏರ್ ಫಿಲ್ಟರ್ ಕಟ್ಟಿದೊಡನೆ ಅದನ್ನು ತೆಗೆದು ಟೈರಿಗೆ ಬಡಿದು ಮತ್ತೆ ಹಾಕುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ನೋಟ. ಬಡಿದಾಗ ಕಾಗದದ ಮಡಿಕೆಯಲ್ಲಿ ಕಣ್ಣಿಗೆ ಕಾಣದ ಹರುಕು ಬೀಳುತ್ತದೆ. ಅಲ್ಲಿಂದಾಚೆ ಧೂಳು ನೇರವಾಗಿ ಎಂಜಿನ್ನಿಗೆ. ಕೆಲವು ತಿಂಗಳಲ್ಲಿ ಗಾಡಿ ಆಯಿಲ್ ಕುಡಿಯಲು ಶುರುಮಾಡುತ್ತದೆ, ಹೊಗೆ ಕಾರುತ್ತದೆ, ಏರು ಕಂಡರೆ ಏದುಸಿರು ಬಿಡುತ್ತದೆ. ರೇಡಿಯೇಟರಿನ ಕಥೆ ಇದಕ್ಕಿಂತ ಸ್ಥಳೀಯ. ಕೂಡ್ಲಿಗಿ ಸೀಮೆಯ ಕೊಳವೆಬಾವಿ ನೀರು ಗಡಸು. ಮನೆಯ ತಾಮ್ರದ ಹಂಡೆಗೆ ಹತ್ತುವ ಬಿಳಿ ಹಕ್ಕಳೆ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಹತ್ತುತ್ತದೆ. ಕೂಲಂಟ್ ಉಳಿಸಲು ಹೋಗಿ ಹೊಲದ ಮೋಟರಿನ ನೀರು ಹುಯ್ದವರು ಕಡೆಗೆ ಹೆಡ್ ಗ್ಯಾಸ್ಕೆಟ್ಟಿಗೆ ದುಡ್ಡು ಹುಯ್ಯುತ್ತಾರೆ.

ಮೆಕ್ಕೆಜೋಳ ಒಕ್ಕುವ ಮಿಷನ್ನಿನ ಪಾಡು ಬೇರೆ, ಅದು ತೇರಿನ ಜಾತಿಗೇ ಸೇರಿದ್ದು. ಈ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಹೊಲವನ್ನಷ್ಟೇ ಅಲ್ಲ, ಸುಗ್ಗಿಯಲ್ಲಿ ಡಾಂಬರು ರಸ್ತೆಯ ಅರ್ಧವನ್ನೂ ಆಕ್ರಮಿಸುತ್ತದೆ. ಆ ಎರಡು ಮೂರು ತಿಂಗಳು ಮಿಷನ್ನಿಗೆ ಹಗಲಿರುಳು ಬಿಡುವಿಲ್ಲ. ಆಮೇಲೆ ಬೇವಿನ ಮರದಡಿ ನಿಂತರೆ ಮುಂದಿನ ಸುಗ್ಗಿಯವರೆಗೂ ಯಾರೂ ಅತ್ತ ಹೋಗುವುದಿಲ್ಲ. ಬೆಲ್ಟು ಬಿಗಿದ ಹಾಗೇ ಇದ್ದು ಬಿರಿಯುತ್ತದೆ, ಬೇರಿಂಗಿನಲ್ಲಿ ತೇವ ನಿಂತು ತುಕ್ಕು ಹಿಡಿಯುತ್ತದೆ, ಒಳಗೆ ಉಳಿದ ದಂಟು ರವದಿಯಲ್ಲಿ ಇಲಿ ಮನೆ ಮಾಡುತ್ತದೆ. ಸುಗ್ಗಿ ಮುಗಿದ ಸಂಜೆ ಬೆಲ್ಟು ಸಡಿಲಿಸಿ, ಒಳಗೆ ಗುಡಿಸಿ, ಬೇರಿಂಗಿಗೆ ಗ್ರೀಸ್ ತುಂಬಿ, ಮೇಲೆ ತಾಡಪಾಲು ಹೊದಿಸಿದರೆ ಸಾಕು. ಆದರೆ ಆ ಸಂಜೆ ಎಲ್ಲರಿಗೂ ಮೈಕೈ ನೋವು, ಕೈಯಲ್ಲಿ ದುಡ್ಡು. ಟ್ರ್ಯಾಕ್ಟರಿನಿಂದ ಮಿಷನ್ನಿಗೆ ತಿರುಗುವ ಶಾಫ್ಟಿನ ಮೇಲಿನ ಮುಚ್ಚಳ ಒಮ್ಮೆ ಕಿತ್ತುಬಂದರೆ ಮತ್ತೆ ಹಾಕದೆ ವರ್ಷಗಟ್ಟಲೆ ಓಡಿಸುವುದಂತೂ ಬರೀ ಮಿಷನ್ನಿನ ಮಾತಲ್ಲ. ಪಂಚೆಯ ಚುಂಗು, ಸೀರೆಯ ಸೆರಗು ಸಿಕ್ಕಿಕೊಳ್ಳುವುದು ಅಲ್ಲೇ.

ನಾವು ಯಂತ್ರಗಳನ್ನು ಗೌರವಿಸುವುದಿಲ್ಲ ಎನ್ನುವಂತೆಯೂ ಇಲ್ಲ. ಆಯುಧ ಪೂಜೆಯ ದಿನ ಜೆಸಿಬಿಗೆ ಸಿಗುವ ಸ್ನಾನ, ಬಾಳೆಕಂದು, ಚೆಂಡುಹೂವಿನ ಹಾರ ಮದುಮಗನಿಗೂ ಸಿಗಲಿಕ್ಕಿಲ್ಲ. ಬೂದುಗುಂಬಳ ಒಡೆದು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಒಂದೇ ತಕರಾರು: ಹಿಂದಿನ ದಿನ ಪ್ರೆಷರ್ ಪಂಪಿನಲ್ಲಿ ತೊಳೆಯುವಾಗ ನೀರು ಪಿನ್ನು, ಬೇರಿಂಗುಗಳೊಳಗಿನ ಗ್ರೀಸನ್ನು ತಳ್ಳಿ ತಾನು ಕೂತುಬಿಡುತ್ತದೆ. ಹಬ್ಬಕ್ಕೆ ಗಾಡಿಗೂ ರಜೆ. ತೊಳೆದ ಮೇಲೆ ಒಮ್ಮೆ ಎಲ್ಲ ನಿಪ್ಪಲ್ಲಿಗೂ ಗ್ರೀಸ್ ಕೊಟ್ಟು, ಐದು ನಿಮಿಷ ಕೈ ಆಡಿಸಿ ನಿಲ್ಲಿಸಿದರೆ ಪೂಜೆ ಪೂರ್ತಿಯಾದಂತೆ. ಕೊಡದಿದ್ದರೆ ತುಕ್ಕಿಗೆ ನಾವೇ ಹಬ್ಬದೂಟ ಬಡಿಸಿದ ಹಾಗೆ.

ಎಣ್ಣೆಯೇ ಪೂಜೆಯಾಗುವ ಜಾಗವೂ ಇಲ್ಲೇ ಇದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ರಥೋತ್ಸವದ ಬೆನ್ನಿಗೆ ದೇವಸ್ಥಾನದ ಶಿಖರಕ್ಕೇ ತೈಲಾಭಿಷೇಕ ಮಾಡುತ್ತಾರೆ. ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರಬೇಕೆಂಬುದು ಕಟ್ಟಳೆ. ಭಕ್ತರು ಕೊಡಗಟ್ಟಲೆ ಎಣ್ಣೆಯನ್ನು ಕಲ್ಲಿನ ಶಿಖರದ ಮೇಲಿಂದ ಸುರಿಯುತ್ತಾರೆ. ಅದರ ಹಿಂದೆ ಕಲ್ಲು ಕಾಯುವ ಉದ್ದೇಶವಿತ್ತೇ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನನ್ನ ಗಮನ ಇರುವುದು ಕಟ್ಟಳೆಯ ಕಡೆಗೆ. ಎಣ್ಣೆ ಯಾರ ಮನೆಯಿಂದ ಬರಬೇಕು, ಯಾವ ದಿನ ಬರಬೇಕು ಎರಡೂ ಗೊತ್ತಿರುವುದರಿಂದ ಅದು ತಪ್ಪುವುದಿಲ್ಲ. ಜೆಸಿಬಿಯ ಗ್ರೀಸು ಯಾರ ಮನೆಯಿಂದ ಬರಬೇಕೆಂಬುದು ಗೊತ್ತಿಲ್ಲದ್ದರಿಂದ ತಪ್ಪುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರ್ಣಿಕದ ಭವಿಷ್ಯವಾಣಿ ಮುಗಿದ ಮೇಲೆ ಕಂಚಾವೀರರೆಂಬ ಭಕ್ತರು ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುತ್ತಾರೆ. ಅದು ಪವಾಡ. 2024ರ ಆಗಸ್ಟ್ 10ರ ರಾತ್ರಿ ಮೈಲಾರದ ಪಕ್ಕದ ತುಂಗಭದ್ರೆಯಲ್ಲೇ ಇನ್ನೂ ಕೆಳಗೆ, ಹೊಸಪೇಟೆಯ ಅಣೆಕಟ್ಟೆಯಲ್ಲಿ, ಯಾರೂ ಜಗ್ಗದೆಯೇ ಇನ್ನೊಂದು ಸರಪಳಿ ಹರಿಯಿತು. 19ನೇ ಕ್ರೆಸ್ಟ್ ಗೇಟು ಕೊಚ್ಚಿಕೊಂಡು ಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಹಲಗೆ ಅದು. ಅಂಥವು ಒಟ್ಟು 33. ಜಲಾಶಯ ಆಗ ತುಂಬಿತ್ತು, ಸುಮಾರು 105 ಟಿಎಂಸಿ ಅಡಿ. ಒಂದೇ ಕಂಡಿಯ ಮೇಲೆ ಒತ್ತಡ ಬೀಳದಿರಲಿ ಎಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಸುಮಾರು ಮೂರನೆಯ ಒಂದು ಪಾಲು ನೀರು ಒಂದೇ ವಾರದಲ್ಲಿ ಕೆಳಗೆ ಹರಿದುಹೋಯಿತು. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ, ಒಂದೊಂದು 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಮೊದಲ ತುಂಡು ಕೂತದ್ದು ಆಗಸ್ಟ್ 16ಕ್ಕೆ, ಕೊನೆಯದು ಮರುದಿನ. ಆ ಕೆಲಸಗಾರರಿಗೆ ಸಿಕ್ಕ ಹಾರ ತುರಾಯಿ ನ್ಯಾಯವಾದದ್ದೇ. ಆದರೆ ಅಲ್ಲಿಯವರೆಗೆ ಎಪ್ಪತ್ತು ವರ್ಷ ಆ ಸರಪಳಿಗಳಿಗೆ ಗ್ರೀಸ್ ಹಚ್ಚಿದ ಕೈಗಳಿಗೆ ಯಾರಾದರೂ ಒಂದು ಹೂ ಮುಡಿಸಿದ್ದರೆ ಹೇಳಿ. ಏನೂ ಆಗದಿದ್ದ ದಿನಕ್ಕೆ ನಮ್ಮಲ್ಲಿ ಸನ್ಮಾನವಿಲ್ಲ.

ಕ್ರೆಸ್ಟ್ ಗೇಟು ಎನ್ನುವುದು ವರ್ಷದ ಬಹುಭಾಗ ಸುಮ್ಮನೆ ನಿಲ್ಲುವ ಯಂತ್ರ. ನೀರು, ಗಾಳಿ, ಬಿಸಿಲು ಮೂರೂ ಸೇರುವ ಗೆರೆಯಲ್ಲಿ ನಿಲ್ಲುತ್ತದೆ. ತುಕ್ಕಿಗೆ ಅದಕ್ಕಿಂತ ಹಿತವಾದ ಜಾಗವಿಲ್ಲ. ಸರಪಳಿಯ ಬಲ ಅದರ ಅತ್ಯಂತ ಸೊರಗಿದ ಕೊಂಡಿಯ ಬಲ. ಹೊರಗಿನಿಂದ ಬಣ್ಣ ಬಳಿದರೆ ಎಲ್ಲ ಕೊಂಡಿಯೂ ಒಂದೇ ಥರ ಕಾಣುತ್ತದೆ. ಅಮೆರಿಕದವರು ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ. 1967ರ ಡಿಸೆಂಬರ್ 15ರ ಸಂಜೆ ಒಹಾಯೊ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. 1928ರಲ್ಲಿ ಕಟ್ಟಿದ ಸೇತುವೆ. ಅದನ್ನು ತೂಗಿ ಹಿಡಿದಿದ್ದದ್ದು ಹಗ್ಗವಲ್ಲ, ಉಕ್ಕಿನ ಪಟ್ಟಿಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸಿದ ಸರಪಳಿ. ಒಂದು ಪಟ್ಟಿಯ ಕಣ್ಣಿನೊಳಗೆ ಎರಡೂವರೆ ಮಿಲಿಮೀಟರಿನಷ್ಟು ಆಳದ ಬಿರುಕು. ಬಿಚ್ಚದೆ ಅದನ್ನು ನೋಡುವಂತೆಯೇ ಇರಲಿಲ್ಲ. ಆಮೇಲೆಯೇ ಆ ದೇಶ ಸೇತುವೆಗಳನ್ನೆಲ್ಲ ಗೊತ್ತಾದ ಅವಧಿಗೊಮ್ಮೆ ಪರೀಕ್ಷಿಸುವ ರಾಷ್ಟ್ರೀಯ ಕ್ರಮ ತಂದದ್ದು.

ತುಂಗಭದ್ರೆಯ ಲೆಕ್ಕವೂ ಹಾಗೇ ಬೆಳೆಯಿತು. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಅಷ್ಟೂ ಗೇಟು ಬದಲಿಸಿ ಎಂದಿತು. 2025ರ ಮಳೆಗಾಲದಲ್ಲಿ ನದಿ ಭರ್ತಿ ಹರಿದರೂ ಜಲಾಶಯವನ್ನು 80 ಟಿಎಂಸಿ ಅಡಿಯ ಆಸುಪಾಸಿನಲ್ಲೇ ತಡೆದು ನಿಲ್ಲಿಸಬೇಕಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದೂ ತೀರ್ಮಾನವಾಯಿತು. ಹೂಳು ತುಂಬಿ 133 ಟಿಎಂಸಿಯ ಜಲಾಶಯ 105ಕ್ಕೆ ಇಳಿದದ್ದು ಎಷ್ಟೋ ದಶಕಗಳ ಕಥೆ. 105ರಿಂದ 80ಕ್ಕೆ ಇಳಿಸಿದ್ದು ಕಬ್ಬಿಣದ ಸವೆತ. ಒಂದು ಬೆಳೆಯ ಬೆಲೆಯಲ್ಲಿ ಎಷ್ಟು ಡಬ್ಬಿ ಗ್ರೀಸ್ ಬರುತ್ತದೆ ಎಂದು ಕೂಡಿಸುವುದು ಬೇಡ, ಹೊಟ್ಟೆ ಉರಿಯುತ್ತದೆ. ನ್ಯಾಯಕ್ಕೆ ಇನ್ನೊಂದು ಮಾತೂ ಹೇಳಬೇಕು. ಎಪ್ಪತ್ತು ವರ್ಷ ತುಂಬಿದ ಉಕ್ಕಿಗೆ ಗ್ರೀಸೊಂದೇ ಮದ್ದಲ್ಲ. ಯಾವುದನ್ನು ಎಂದು ತೆಗೆದುಹಾಕಬೇಕು ಎಂದು ಹೇಳುವುದೂ ನೋಡಿಕೊಳ್ಳುವವನ ಕೆಲಸವೇ. ಆ ಮಾತನ್ನು ಅವನು ಬರೆದಿಟ್ಟರೂ ಮೂರು ರಾಜ್ಯಗಳ ಮೇಜು ದಾಟಿ ಬರಬೇಕು.

ಈಗ ಈ ಐದು ತಾಲ್ಲೂಕುಗಳಿಗೆ ಹೊಸ ಯಂತ್ರಗಳ ಸುಗ್ಗಿ. ಸಿಂಗಟಾಲೂರು ಏತ ನೀರಾವರಿಯಿಂದ ಹಡಗಲಿಯ ಹೊಲಗಳಿಗೆ ನೀರು. ಹರಪನಹಳ್ಳಿಯ ಕೆರೆಗಳಿಗೆ, ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯನ್ನು ಎತ್ತಿ ಹಾಯಿಸುವ ಯೋಜನೆಗಳು. ಬರದ ಸೀಮೆಗೆ ಇದಕ್ಕಿಂತ ಸಂತೋಷದ ಸುದ್ದಿಯಿಲ್ಲ. ಕೆರೆ ತುಂಬಿ ಬಾಗಿನ ಕೊಡುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಬರಲಿ. ನನ್ನ ಕಣ್ಣು ಹೋಗುವುದು ಪಂಪ್‌ಹೌಸಿನ ಕಡೆ. ಈ ಪಂಪುಗಳೂ ನದಿಯಲ್ಲಿ ನೀರಿದ್ದಾಗ ಮಾತ್ರ ದುಡಿಯುವಂಥವು. ಬೇಸಿಗೆಯಲ್ಲಿ ನಿಂತ ಮೋಟರಿನ ಸುರುಳಿಗೆ ತೇವ ಹಿಡಿಯದಂತೆ ಒಳಗಿನ ಹೀಟರ್ ಉರಿಯುತ್ತಿರಬೇಕು. ಅದಕ್ಕೆ ಕರೆಂಟು ಬೇಕು, ಬಿಲ್ಲು ಕಟ್ಟಬೇಕು. ನೀರೇ ಎತ್ತದ ತಿಂಗಳಲ್ಲಿ ಬಿಲ್ಲು ಯಾಕೆ ಎಂದು ಲೆಕ್ಕ ತಪಾಸಣೆಯವರು ಕೇಳುತ್ತಾರೆ. ಉದ್ದನೆ ಶಾಫ್ಟು ಒಂದೇ ಭಂಗಿಯಲ್ಲಿ ನಿಲ್ಲದಂತೆ ಆಗಾಗ ಕೈಯಿಂದ ತಿರುವಿಡಬೇಕು. ಗ್ಲ್ಯಾಂಡ್ ಪ್ಯಾಕಿಂಗ್ ಒಣಗದಂತೆ ನೋಡಬೇಕು. ವಾಲ್ವುಗಳನ್ನು ತಿಂಗಳಿಗೊಮ್ಮೆಯಾದರೂ ತೆರೆದು ಮುಚ್ಚಬೇಕು. ಇವೆಲ್ಲ ಒಬ್ಬ ಕಲಿತ ಕೈ, ಒಂದು ಲಾಗ್ ಪುಸ್ತಕ, ತಿಂಗಳ ಸಂಬಳ ಇದ್ದರೆ ಆಗುವ ಕೆಲಸ. ಕಟ್ಟಿದ ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿಯುವವರೆಗೆ ಹೇಗೋ ನಡೆಯುತ್ತದೆ. ಅದಾದ ಮೇಲೆ ಹೊರಗುತ್ತಿಗೆಯ ಹುಡುಗ, ಆರು ತಿಂಗಳ ಬಾಕಿ ಸಂಬಳ.

ಹಾಗಾಗಿ ಉದ್ಘಾಟನೆಯ ಕಲ್ಲಿನ ಪಕ್ಕದಲ್ಲೇ ಇನ್ನೊಂದು ಹಲಗೆ ತೂಗುಹಾಕಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಈ ಪಂಪು ಕಡೆಯ ಬಾರಿ ಬಿಚ್ಚಿ ನೋಡಿದ್ದು ಯಾವ ದಿನ, ನೋಡಿದವರು ಯಾರು, ಮುಂದಿನ ಸರದಿ ಎಂದು, ಅದಕ್ಕೆ ಈ ವರ್ಷ ತೆಗೆದಿಟ್ಟ ದುಡ್ಡೆಷ್ಟು, ಇಷ್ಟನ್ನು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಕೆರೆ ಬಳಕೆದಾರರು ಗ್ರಾಮಸಭೆಯಲ್ಲಿ ಆ ನಾಲ್ಕು ಸಾಲು ಓದಿಸಿ ಕೇಳಲಿ. ಜೆಸಿಬಿ ಕರೆಸುವ ರೈತನೂ ಬಾಡಿಗೆ ಮಾತಾಡುವಾಗಲೇ ಒಂದು ಮಾತು ಸೇರಿಸಬಹುದು: ಬೆಳಿಗ್ಗೆ ಗ್ರೀಸಿಗೆ ಹಿಡಿಯುವ ಅರ್ಧ ತಾಸನ್ನೂ ಬಾಡಿಗೆಗೆ ಹಿಡಿದುಕೋ, ದುಡ್ಡು ನಾನು ಕೊಡುತ್ತೇನೆ. ನಡುಹೊಲದಲ್ಲಿ ಪಿನ್ ಮುರಿದು ಗಾಡಿ ನಿಂತರೆ, ಬಿತ್ತನೆಯ ಹದ ಹೋಗುವುದು ಹೇಗೂ ಅವನದೇ.